ಮನೆ ಕಟ್ಟುವ ಮೊದಲು ನೆಲ ಹಸನಾಗಬೇಕು

“ಅಣ್ಣಾರ, ಬಡವರ ಮನಿಗೆ ರೊಕ್ಕ ಇಟ್ಟಾರಂತ. ನಮ್ಮ ಹುಡುಗ ಮೊಬೈಲ್‌ನ್ಯಾಗ ಓದಿ ಹೇಳಿದ. ಹಂಗಾರ ಈ ದೀಪಾವಳಿಗೆ ಮನಿ ಸಿಗ್ತೈತೇನ್ರಿ?”

ಹೂವಿನ ಬುಟ್ಟಿ ಕೆಳಗಿಳಿಸುತ್ತಲೇ ಅಕ್ಕ ಕೇಳಿದರು. ಹುಬ್ಬಳ್ಳಿಯ ನಮ್ಮ ಓಣಿಗೆ ದಿನಾ ಬೆಳಿಗ್ಗೆ ಹೂವು ತರುವವರು ಅವರು. ಹಳೇ ಹುಬ್ಬಳ್ಳಿ ಕಡೆ ಒಂದೇ ಖೋಲಿಯಲ್ಲಿ ನಾಲ್ಕು ಜನ ಬಾಡಿಗೆಗಿದ್ದಾರೆ. ಹುಡುಗ ಓದಿದ ಸುದ್ದಿಯನ್ನು ನಾನೂ ತೆಗೆದು ನೋಡಿದೆ. ಅದರಲ್ಲಿದ್ದದ್ದು ಮನೆ ಕಟ್ಟುವ ಹಣ ಅಲ್ಲ. ಮನೆ ಬರಲಿರುವ ಜಾಗವನ್ನು ಸಿದ್ಧ ಮಾಡುವ ಹಣ.

“ಅದು ಮನಿ ರೊಕ್ಕ ಅಲ್ಲ ಅಕ್ಕಾರ, ಜಾಗಾ ಹಸನ ಮಾಡೋ ರೊಕ್ಕ” ಅಂದೆ.

“ಜಾಗಾ ಹಸನ ಮಾಡಾಕ ಇಷ್ಟ್ ರೊಕ್ಕ ಬೇಕೇನ್ರಿ?”

ಈ ಪ್ರಶ್ನೆಗೆ ನಿಂತ ಕಾಲಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಹುಬ್ಬಳ್ಳಿ-ಧಾರವಾಡ ಇರಲಿ, ಗದಗ-ಬೆಟಗೇರಿ ಇರಲಿ, ಹಾವೇರಿ ಇರಲಿ, ಬಜೆಟ್ ಬಂದಾಗಲೆಲ್ಲ ‘ವಸತಿ’, ‘ನಿವೇಶನ’, ‘ಮೂಲಸೌಕರ್ಯ’ ಅನ್ನುವ ಮಾತುಗಳು ಒಟ್ಟೊಟ್ಟಿಗೆ ಬರುತ್ತವೆ. ಓದಿದವರಿಗೆ ಎಲ್ಲ ಒಂದೇ ಅನ್ನಿಸುತ್ತದೆ. ಒಂದೇ ಅಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಕೈಗೆಟುಕುವ ಮನೆ ಅಂದರೆ ಯಾರ ಕೈಗೆ?

‘ಕೈಗೆಟುಕುವ ದರದ ಮನೆ’ ಅನ್ನುವುದಕ್ಕೆ ಸರ್ಕಾರದ ಲೆಕ್ಕದಲ್ಲಿ ಖಚಿತವಾದ ಅರ್ಥ ಇದೆ. ಕುಟುಂಬದ ವರ್ಷದ ಆದಾಯ 3 ಲಕ್ಷ ರೂಪಾಯಿ ಒಳಗಿದ್ದರೆ ಅದು ಆರ್ಥಿಕವಾಗಿ ಹಿಂದುಳಿದ ವರ್ಗ. 3ರಿಂದ 6 ಲಕ್ಷ ಇದ್ದರೆ ಕಡಿಮೆ ಆದಾಯದ ವರ್ಗ. 2015ರ ಜೂನ್ 25ರಂದು ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ ಈ ಎರಡು ಗೆರೆಗಳನ್ನು ಹಾಕಿಕೊಂಡಿತ್ತು. 2024ರಲ್ಲಿ ಬಂದ ಅದರ ಎರಡನೇ ಹಂತದಲ್ಲೂ ಇವೇ ಗೆರೆಗಳಿವೆ, ಮೇಲೆ 9 ಲಕ್ಷದವರೆಗಿನ ಮಧ್ಯಮ ವರ್ಗವೂ ಸೇರಿದೆ. ಇನ್ನೊಂದು ಷರತ್ತು ಮುಖ್ಯ: ದೇಶದಲ್ಲಿ ಎಲ್ಲೂ ಆ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು.

ಮೊದಲ ವರ್ಗಕ್ಕೆ ಸಿಗುವ ಮನೆ ಎಷ್ಟು ದೊಡ್ಡದು? ಎರಡನೇ ಹಂತದಲ್ಲಿ 30ರಿಂದ 45 ಚದರ ಮೀಟರ್ ‘ಕಾರ್ಪೆಟ್ ಏರಿಯಾ’. ಕಾರ್ಪೆಟ್ ಏರಿಯಾ ಅಂದರೆ ಗೋಡೆಯ ಒಳಗೆ ನಾವು ನಿಜಕ್ಕೂ ಜಮಖಾನೆ ಹಾಸಬಹುದಾದ ಜಾಗ. ಮೆಟ್ಟಿಲು, ಹೊರಗಿನ ಪಡಸಾಲೆ ಲೆಕ್ಕಕ್ಕಿಲ್ಲ. 30 ಚದರ ಮೀಟರ್ ಅಂದರೆ ಸುಮಾರು 323 ಚದರ ಅಡಿ. ಒಂದು ಖೋಲಿ, ಒಂದು ಪುಟ್ಟ ಹಾಲ್, ಅಡುಗೆಮನೆ, ಬಚ್ಚಲು, ಶೌಚಾಲಯ. ಅಷ್ಟೇ.

ಇಂಥ ಮನೆ ಪಾಲುದಾರಿಕೆ ಯೋಜನೆಯಲ್ಲಿ, ಅಂದರೆ ಸರ್ಕಾರಿ ಸಂಸ್ಥೆಯೋ ಖಾಸಗಿಯವರೋ ಒಟ್ಟಿಗೆ ನೂರಾರು ಮನೆ ಕಟ್ಟುವಾಗ, ಕೇಂದ್ರದ ಪಾಲು ಮನೆಯೊಂದಕ್ಕೆ 1.5 ಲಕ್ಷ ರೂಪಾಯಿ. ನಮ್ಮಂಥ ರಾಜ್ಯಗಳು ಕನಿಷ್ಠ 1 ಲಕ್ಷ ಸೇರಿಸಬೇಕು. ಉಳಿದದ್ದು ಫಲಾನುಭವಿಯ ವಂತಿಕೆ ಮತ್ತು ಬ್ಯಾಂಕ್ ಸಾಲ.

ಇಲ್ಲಿ ಒಂದು ಮಾತು ಗಮನಿಸಿ. ಸಹಾಯಧನ ಸಿಗುವುದು ‘ಮನೆಯೊಂದಕ್ಕೆ’. ಮನೆ ನಿಲ್ಲುವ ನೆಲಕ್ಕೆ ಯಾರು ಖರ್ಚು ಮಾಡಬೇಕು? ಅಕ್ಕನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

ನೆಲ ಹಸನು ಮಾಡುವುದು ಅಂದರೆ ಏನೇನು?

ನಮ್ಮ ಕಡೆ ರೈತರು ಬಿತ್ತುವ ಮೊದಲು ಹೊಲ ಹಸನು ಮಾಡುತ್ತಾರೆ. ರಂಟೆ ಹೊಡೆದು, ಕುಂಟೆ ಹೊಡೆದು, ಕೂಳೆ ಆಯ್ದು, ಒಡ್ಡು ಸರಿ ಮಾಡಿ, ಆಮೇಲೆ ಕೂರಿಗೆ ಹಿಡಿಯುತ್ತಾರೆ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಕಾಣುವುದು ಪೈರು ಮಾತ್ರ. ಬೇಸಿಗೆಯ ದುಡಿಮೆ ಯಾರಿಗೂ ಕಾಣುವುದಿಲ್ಲ. ವಸತಿ ಜಾಗದ ಕೆಲಸವೂ ಹೀಗೆಯೇ. ಅದು ಶುರುವಾಗುವುದು ಜೆಸಿಬಿಯಿಂದಲ್ಲ, ಕಾಗದದಿಂದ.

ಮೊದಲು ಉತಾರ. ಬೆಂಗಳೂರು ಕಡೆಯವರು ಪಹಣಿ ಅನ್ನುವುದನ್ನು ನಾವು ಉತಾರ ಅನ್ನುತ್ತೇವೆ. ಜಾಗ ಯಾರ ಹೆಸರಿಗಿದೆ? ಪಾಲಿಕೆಯದೋ, ಕಂದಾಯ ಇಲಾಖೆಯದೋ, ನಗರಾಭಿವೃದ್ಧಿ ಪ್ರಾಧಿಕಾರದ್ದೋ, ಯಾವುದೋ ಕುಟುಂಬದ್ದೋ? ಕೋರ್ಟಿನಲ್ಲಿ ತಕರಾರು ಇದೆಯಾ? ಆಮೇಲೆ ಹದ್ದುಬಸ್ತು. ಸರ್ವೆಯವರು ಬಂದು ಅಳತೆ ಮಾಡಿ ಗಡಿ ಗುರುತಿಸುತ್ತಾರೆ, ಬಾಂದುಕಲ್ಲು ನೆಡುತ್ತಾರೆ. ಕಾಗದದಲ್ಲಿ 5 ಎಕರೆ ಇದ್ದದ್ದು ನೆಲದ ಮೇಲೆ ಅಳೆದಾಗ ನಾಲ್ಕೂವರೆ ಆಗುವುದುಂಟು. ಪಕ್ಕದವರು ಬೇಲಿ ಸರಿಸಿರುತ್ತಾರೆ, ಅಥವಾ ಒಂದು ನಾಲಾ ಮೂಲೆ ತಿಂದಿರುತ್ತದೆ. ಇದನ್ನು ಮೊದಲೇ ನೋಡದಿದ್ದರೆ ನಕ್ಷೆಯಲ್ಲಿ ಬರೆದ ಮನೆಗಳಲ್ಲಿ ಹತ್ತಾರು ಕಡಿಮೆಯಾಗುತ್ತವೆ.

ಮೂರನೆಯದು ‘ಎನ್‌ಎ’, ಅಂದರೆ ಕೃಷಿಯೇತರ ಬಳಕೆಯ ಅನುಮತಿ. ಬೇಸಾಯದ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಹಳೆಯ ಜನ ಇದನ್ನೇ ಬಿನ್‌ಶೇತ್ಕಿ ಅಂತಾರೆ. ನಗರದ ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನ್‌ನಲ್ಲಿ, ಆ ಜಾಗ ವಸತಿ ವಲಯ ಅಂತ ಇರಬೇಕು. ಹಾಗೆ ಗುರುತಾದ ಜಾಗಕ್ಕೆ ಮತ್ತೆ ಬೇರೆಯಾಗಿ ಎನ್‌ಎ ಕೇಳುವ ಪದ್ಧತಿ ಬಿಡಬೇಕು ಅಂತ 2015ರ ಆವಾಸ್ ಯೋಜನೆ ರಾಜ್ಯಗಳಿಗೆ ಷರತ್ತು ಹಾಕಿತ್ತು. ಕಾರಣ ಸರಳ. ಕಾಗದ ಒಂದು ವರ್ಷ ತಡವಾದರೆ ಸಿಮೆಂಟಿನ ದರ, ಕೂಲಿ ಎಲ್ಲ ಒಂದು ವರ್ಷ ಮುಂದೆ ಹೋಗಿರುತ್ತವೆ.

ಕಾಗದ ಮುಗಿದ ಮೇಲೆ ಮಣ್ಣು.

ಎರೆ ಮಣ್ಣು ಎಂಬ ದೊಡ್ಡ ಖರ್ಚು

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಸೀಮೆಯಲ್ಲಿ ಮನೆ ಕಟ್ಟುವವರ ನಿದ್ದೆ ಕೆಡಿಸುವುದೇ ಇದು.

ಧಾರವಾಡದ ಪಶ್ಚಿಮಕ್ಕೆ ಹೋದರೆ ಕೆಂಪು ಮಸಾರಿ ನೆಲ. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ಗದಗ, ನವಲಗುಂದ ಕಡೆ ಹೋದರೆ ಕಪ್ಪು ಎರೆ ನೆಲ. ಹತ್ತಿಗೆ, ಕಡಲೆಗೆ, ಹಿಂಗಾರಿ ಜೋಳಕ್ಕೆ ಇದರಂಥ ನೆಲ ಇಲ್ಲ. ಮನೆಗೆ ಇದರಷ್ಟು ಕಾಟದ ನೆಲವೂ ಇಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಅಂಗೈ ಇಳಿಯುತ್ತದೆ.

ನಮ್ಮ ಮನೆಯ ಕಾಂಪೌಂಡ್ ಗೋಡೆಯಲ್ಲಿ ಗೇಟಿನ ಪಕ್ಕ ಒಂದು ಬಿರುಕಿದೆ. ಮೇ ತಿಂಗಳಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತದೆ. ಆಗಸ್ಟ್‌ನಲ್ಲಿ ಅದೇ ಬಿರುಕಿನಲ್ಲಿ ಪೋಸ್ಟ್‌ಕಾರ್ಡು ಕೂಡ ಹೋಗುವುದಿಲ್ಲ. ನಾಲ್ಕು ಸಲ ಸಿಮೆಂಟ್ ತುಂಬಿಸಿದೆ. ಐದನೇ ಬೇಸಿಗೆಗೆ ಮತ್ತೆ ಬಾಯಿ ತೆರೆಯಿತು. ಗೋಡೆ ಕಟ್ಟಿದವರ ತಪ್ಪಲ್ಲ. ಕೆಳಗಿನ ನೆಲ ಉಸಿರಾಡುತ್ತಿದೆ. ಕಾಂಪೌಂಡಿಗೆ ಹೀಗಾದರೆ ಸುಮ್ನೆ ಇರಬಹುದು. ಮೂರು ಮಹಡಿಯಲ್ಲಿ ಹನ್ನೆರಡು ಕುಟುಂಬ ಇರುವ ಕಟ್ಟಡಕ್ಕೆ ಹೀಗಾದರೆ?

ಆದ್ದರಿಂದ ಮೊದಲು ಮಣ್ಣಿನ ಪರೀಕ್ಷೆ. ಜಾಗದ ನಾಲ್ಕಾರು ಕಡೆ ಗುಂಡಿ ತೋಡಿ, ಬೋರ್ ಹಾಕಿ, ಎರೆ ಎಷ್ಟು ಆಳ ಇದೆ, ಕೆಳಗೆ ಗರಸು, ಅಂದರೆ ಜಲ್ಲಿ ಬೆರೆತ ಗಟ್ಟಿ ಮಣ್ಣು, ಎಲ್ಲಿ ಸಿಗುತ್ತದೆ, ಬಂಡೆ ಎಲ್ಲಿದೆ ಅಂತ ನೋಡುತ್ತಾರೆ. ಎರೆ ಎರಡು ಮೂರು ಅಡಿ ಮಾತ್ರ ಇದ್ದರೆ ಅದನ್ನು ಕೆತ್ತಿ ಹೊರಹಾಕಿ ಗರಸು ತುಂಬಿ, ನೀರು ಹೊಡೆದು, ರೋಲರ್ ಓಡಿಸಿ ಗಟ್ಟಿ ಮಾಡುತ್ತಾರೆ. ಆಳವಾಗಿದ್ದರೆ ಬೇರೆ ದಾರಿ. ರೂರ್ಕಿಯಲ್ಲಿರುವ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದ ‘ಅಂಡರ್‌ರೀಮ್ಡ್ ಪೈಲ್’ ಇದೆ. ಉಳ್ಳಾಗಡ್ಡಿ ಗಿಡ ನೆನಪಿಸಿಕೊಳ್ಳಿ. ಮೇಲೆ ತೆಳ್ಳಗಿನ ಕಾಂಡ, ಕೆಳಗೆ ಉಬ್ಬಿದ ಗಡ್ಡೆ. ಈ ಕಾಂಕ್ರೀಟ್ ಕಂಬವೂ ಹಾಗೆಯೇ ಇರುತ್ತದೆ. ಎರೆ ಮಣ್ಣು ಆಳವಾಗಿದ್ದಲ್ಲಿ ಕನಿಷ್ಠ 3.5 ಮೀಟರ್, ಅಂದರೆ ಹನ್ನೊಂದೂವರೆ ಅಡಿ ಇಳಿಸುತ್ತಾರೆ. ಮಳೆಗಾಲ-ಬೇಸಿಗೆಯ ಏರಿಳಿತ ಅಷ್ಟು ಆಳಕ್ಕೆ ಮುಟ್ಟುವುದಿಲ್ಲ. ಗಡ್ಡೆ ಅಲ್ಲಿ ಹಿಡಿದು ನಿಂತರೆ ಮೇಲಿನ ಮಣ್ಣು ಎಷ್ಟು ಕುಣಿದರೂ ಮನೆ ಅಲುಗಾಡುವುದಿಲ್ಲ.

ಮಣ್ಣು ತುಂಬಿಸುವುದು ಕೇಳಲು ಸಣ್ಣ ಕೆಲಸ ಅನ್ನಿಸುತ್ತದೆ. ಲೆಕ್ಕ ಹಾಕೋಣ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಒಂದು ಎಕರೆಯನ್ನು ಒಂದೇ ಒಂದು ಅಡಿ ಏರಿಸಬೇಕಾದರೆ 43,560 ಘನ ಅಡಿ ಗರಸು ಬೇಕು. ನಮ್ಮ ಕಡೆ ಉಸುಕು, ಗರಸು ಎಲ್ಲ ಬ್ರಾಸ್ ಲೆಕ್ಕ. 100 ಘನ ಅಡಿಗೆ ಒಂದು ಬ್ರಾಸ್. ಅಂದರೆ ಸುಮಾರು 435 ಬ್ರಾಸ್. ಟ್ರ್ಯಾಕ್ಟರ್ ಟ್ರೇಲರ್ ಒಂದು ಸಲಕ್ಕೆ ಒಂದು ಬ್ರಾಸ್ ತಂದರೆ 435 ಟ್ರಿಪ್! ರೋಲರ್ ಓಡಿದ ಮೇಲೆ ಗರಸು ಕುಗ್ಗುತ್ತದೆ, ಹಾಗಾಗಿ ನಿಜಕ್ಕೆ ಬೇಕಾಗುವುದು ಇನ್ನೂ ಜಾಸ್ತಿ. ಇದು ಒಂದು ಎಕರೆಗೆ, ಒಂದು ಅಡಿಗೆ. ತಗ್ಗಿನ ಜಾಗವಾದರೆ ಮೂರು ನಾಲ್ಕು ಅಡಿ ಏರಿಸಬೇಕಾಗುತ್ತದೆ.

ಬಡವರ ಮನೆಗೆ ಸಿಗುವ ಜಾಗ ಬಹಳ ಸಲ ತಗ್ಗಿನದೇ ಆಗಿರುತ್ತದೆ. ಹಳೇ ಕ್ವಾರಿ ಪಕ್ಕ, ನಾಲಾ ದಂಡೆ, ಕಸ ಸುರಿದ ಬಯಲು. ಒಳ್ಳೆಯ ಜಾಗ ಮೊದಲೇ ಮಾರಿಹೋಗಿರುತ್ತದೆ, ಅಲ್ವಾ? ಹಾಗಾಗಿ ಯಾರ ಹತ್ತಿರ ದುಡ್ಡು ಕಡಿಮೆಯೋ ಅವರ ಜಾಗಕ್ಕೇ ಸಿದ್ಧತೆಯ ಖರ್ಚು ಜಾಸ್ತಿ.

ನೀರು, ಒಳಚರಂಡಿ, ದಾರಿ, ಕರೆಂಟು

300 ಮನೆಗಳ ಒಂದು ಬಡಾವಣೆ ಅಂದುಕೊಳ್ಳಿ. ಮನೆಗೆ ಐದು ಜನ. ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಅನ್ನುವುದು ಕೇಂದ್ರ ಸರ್ಕಾರದ ಮಾನದಂಡ. ಗುಣಿಸಿದರೆ ದಿನಕ್ಕೆ 2 ಲಕ್ಷ ಲೀಟರ್ ದಾಟುತ್ತದೆ. 5,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ದಿನಾ 40 ಟ್ಯಾಂಕರ್. ಟ್ಯಾಂಕರ್‌ನಲ್ಲಿ ಇದು ಆಗುವ ಕೆಲಸವಾ? ಆಗುವುದಿಲ್ಲ. ದೊಡ್ಡ ಕೊಳವೆಯಿಂದ ಹೊಸ ಕವಲು ತರಬೇಕು, ಮೇಲ್ಮಟ್ಟದ ಟ್ಯಾಂಕ್ ಕಟ್ಟಬೇಕು. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿ ಹತ್ತಿರದ ರೇಣುಕಾಸಾಗರದಿಂದ ಬರುತ್ತದೆ. ಹಲವು ಓಣಿಗಳಲ್ಲಿ ಇವತ್ತಿಗೂ ನಲ್ಲಿ ನೀರು ಕೆಲವು ದಿನಕ್ಕೊಮ್ಮೆ. ಹೊಸ ಬಡಾವಣೆ ಸೇರಿದರೆ ಹಳೆಯ ಓಣಿಯ ನೀರಿಗೆ ಕೈ ಹಾಕಿದಂತಾಗಬಾರದು.

ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಅಂತ ಎಂಜಿನಿಯರ್‌ಗಳು ಲೆಕ್ಕ ಹಿಡಿಯುತ್ತಾರೆ. ಅದಕ್ಕೆ ಒಳಚರಂಡಿ ಪೈಪು ಬೇಕು, ಇಳಿಜಾರು ಸರಿ ಇರಬೇಕು. ಮನೆ ಕಟ್ಟಿದ ಮೇಲೆ ಇಳಿಜಾರು ತಪ್ಪಿದ್ದು ಗೊತ್ತಾದರೆ ರಸ್ತೆಯನ್ನೇ ಅಗೆಯಬೇಕು. ಮಳೆ ನೀರಿನ ಗಟಾರ ಬೇರೆಯೇ. ಹುಬ್ಬಳ್ಳಿ ನಡುವೆ ಹರಿಯುವ ಉಣಕಲ್ ನಾಲಾದ ದಂಡೆಯಲ್ಲಿ ಇದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ದೊಡ್ಡ ಮಳೆ ಬಂದರೆ ಸಾಕು.

ದಾರಿಯ ವಿಷಯ ಬೇಗ ಹೇಳುತ್ತೇನೆ. ಒಳರಸ್ತೆ ಇದ್ದರೆ ಸಾಲದು, ಮುಖ್ಯ ರಸ್ತೆಗೆ ಕೂಡುವ ದಾರಿ ಬೇಕು. ಸಿಟಿ ಬಸ್ಸು ಬರುವಷ್ಟು ಅಗಲ ಬೇಕು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗುವಂತಿದ್ದರೆ ಕೂಲಿಗೆ ಹೋಗುವವರ ದಿನದ ಆಟೋ ದುಡ್ಡು ಉಳಿಯುತ್ತದೆ. ಕರೆಂಟಿಗೆ ಹೆಸ್ಕಾಂ ಲೈನ್ ಎಳೆಯಬೇಕು, ಟ್ರಾನ್ಸ್‌ಫಾರ್ಮರ್ ಕೂಡಿಸಬೇಕು, ಅದರ ಖರ್ಚನ್ನು ಬಡಾವಣೆ ಮಾಡುವವರು ಮೊದಲೇ ಕಟ್ಟಬೇಕು.

ನಾನು ನೋಡಿದ ಒಂದು ಊರಿನಲ್ಲಿ ಮನೆಗಳು ಮುಗಿದು ಬಣ್ಣವನ್ನೂ ಬಳಿದಿದ್ದರು. ನೀರಿನ ಕೊಳವೆ ಬಂದಿರಲಿಲ್ಲ. ಕಿಟಕಿಯ ಗಾಜು ಒಡೆದಿತ್ತು, ವೈರು ಕಿತ್ತಿದ್ದರು, ಅಂಗಳದಲ್ಲಿ ಜಾಲಿ ಕಂಟಿ ಎದೆ ಎತ್ತರ ಬೆಳೆದಿತ್ತು. ಚೀಟಿ ಎತ್ತಿ ಮನೆ ನಂಬರ್ ಪಡೆದವರು ಆ ಕಂಟಿಯ ಈಚೆ ನಿಂತು ತಮ್ಮ ಬಾಗಿಲು ತೋರಿಸುತ್ತಿದ್ದರು. ಅದನ್ನು ನೋಡಿ ಬಂದ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿ ಮನೆಗೆ ದುಡ್ಡಿತ್ತು, ನೆಲಕ್ಕೆ ಇರಲಿಲ್ಲ.

ಇದನ್ನು ಮನೆಯ ಬೆಲೆಯಲ್ಲೇ ಸೇರಿಸಿದರೆ ಆಗದಾ?

ಖಾಸಗಿ ಲೇಔಟ್‌ನಲ್ಲಿ ಹಾಗೇ ಮಾಡುತ್ತಾರೆ. ರಸ್ತೆ, ಗಟಾರ, ನೀರು, ಕಂಬ ಎಲ್ಲದರ ಖರ್ಚು ಪ್ಲಾಟಿನ ರೇಟಿನಲ್ಲಿ ಸೇರಿರುತ್ತದೆ. ಬಡವರ ಮನೆಗೆ ಇದೇ ಲೆಕ್ಕ ಹಾಕಿದರೆ ಏನಾಗುತ್ತದೆ ನೋಡಿ. ಕೆಳಗಿನ ಖರ್ಚಿನ ಅಂಕಿ ತಿಳಿಯಲು ಸುಲಭವಾಗಲಿ ಅಂತ ನಾನೇ ಹಾಕಿಕೊಂಡದ್ದು, ಯಾವ ಯೋಜನೆಯದೂ ಅಲ್ಲ.

ಒಂದು ಎಕರೆಯಲ್ಲಿ ರಸ್ತೆ, ಉದ್ಯಾನ, ಟ್ಯಾಂಕ್ ಜಾಗ ಬಿಟ್ಟು ಮನೆಗೆ ಸಿಗುವುದು ಶೇ 55 ಅನ್ನೋಣ. ಅಂದರೆ ಸುಮಾರು 24,000 ಚದರ ಅಡಿ. 20 ಅಡಿ-30 ಅಡಿಯ ನಿವೇಶನ ಮಾಡಿದರೆ 40 ಆಗುತ್ತವೆ. ಆ ಎಕರೆ ಹಸನು ಮಾಡಲು 60 ಲಕ್ಷ ಖರ್ಚಾಯಿತು ಅಂದುಕೊಳ್ಳಿ. ನಿವೇಶನಕ್ಕೆ 1.5 ಲಕ್ಷ ಬಂತು. ಕೇಂದ್ರ ಕೊಡುವ ಸಹಾಯಧನವೂ 1.5 ಲಕ್ಷವೇ! ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ಹೋಯಿತು. ಇನ್ನೂ ಒಂದು ಇಟ್ಟಿಗೆ ಇಟ್ಟಿಲ್ಲ.

ಆ 1.5 ಲಕ್ಷವನ್ನು ಕುಟುಂಬವೇ ಸಾಲ ಮಾಡಿ ಕಟ್ಟಲಿ ಅಂದರೆ, ಶೇ 8.5 ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳಿಗೆ ಸುಮಾರು 1,300 ರೂಪಾಯಿ ಕಂತು ಬರುತ್ತದೆ. ಕೊನೆಗೆ ಕಟ್ಟಿದ ಒಟ್ಟು ಹಣ 3 ಲಕ್ಷ ದಾಟುತ್ತದೆ. ಇದು ಮನೆಯ ಸಾಲದ ಮೇಲಿನ ಹೆಚ್ಚುವರಿ ಹೊರೆ. ಹೂವು ಮಾರುವವರಿಗೆ, ಗೌಂಡಿ ಕೈಕೆಳಗೆ ದುಡಿಯುವವರಿಗೆ ಸಂಬಳದ ಚೀಟಿ ಇರುವುದಿಲ್ಲ. ಬ್ಯಾಂಕು ಮೊದಲ ಸಾಲ ಕೊಡಲೇ ಹಿಂದೆಮುಂದೆ ನೋಡುತ್ತದೆ. ಹಾಗಾಗಿ ನೆಲದ ಖರ್ಚನ್ನು ಊರು ಹೊತ್ತುಕೊಂಡರೆ ಮಾತ್ರ ಮನೆಯ ಬೆಲೆ ಅವರ ಕೈಗೆಟುಕುವ ಮಟ್ಟಕ್ಕೆ ಇಳಿಯುತ್ತದೆ.

ಅದೇ ಎಕರೆಯಲ್ಲಿ ನೆಲಮಹಡಿ ಮತ್ತು ಅದರ ಮೇಲೆ ಮೂರು ಮಹಡಿ ಕಟ್ಟಿ 100 ಮನೆ ಮಾಡಿದರೆ 60 ಲಕ್ಷ ನೂರು ಪಾಲಾಗುತ್ತದೆ, ಮನೆಗೆ 60 ಸಾವಿರ. ‘ಜಿ ಪ್ಲಸ್ ತ್ರೀ’ ಅಂತ ಪದೇ ಪದೇ ಕೇಳುತ್ತೇವಲ್ಲ, ಅದರ ಹಿಂದಿನ ಲೆಕ್ಕ ಇದು. ಮನೆ ಮುಂದೆ ಅಂಗಳ ಬೇಕು, ಎಮ್ಮೆ ಕಟ್ಟಬೇಕು, ಹೊಲಿಗೆ ಯಂತ್ರ ಇಟ್ಟು ಅಂಗಡಿ ಮಾಡಬೇಕು ಅನ್ನುವವರಿಗೆ ಮಹಡಿ ಮನೆ ಒಗ್ಗುವುದಿಲ್ಲ, ಅದೂ ನಿಜ. ಯಾವುದನ್ನು ಕಟ್ಟಬೇಕು ಅಂತ ತೀರ್ಮಾನಿಸುವ ಮೊದಲು ಅಲ್ಲಿ ಇರಲಿರುವವರನ್ನು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಊರಿನ ಬೊಕ್ಕಸಕ್ಕೆ ದುಡ್ಡು ಎಲ್ಲಿಂದ?

ನಮ್ಮ ಅವ್ವಂದಿರು ಅಡುಗೆಮನೆಯ ಡಬ್ಬಿಗಳಲ್ಲಿ ದುಡ್ಡು ಇಡುತ್ತಿದ್ದರು. ಸಾಸಿವೆ ಡಬ್ಬಿಯದು ಹಾಲಿಗೆ, ಜೀರಿಗೆ ಡಬ್ಬಿಯದು ಮಕ್ಕಳ ಫೀಗೆ. ಒಂದರ ದುಡ್ಡು ಇನ್ನೊಂದಕ್ಕೆ ಮುಟ್ಟುವಂತಿರಲಿಲ್ಲ. ಪಾಲಿಕೆಯ ಹಣವೂ ಹೀಗೆಯೇ ಡಬ್ಬಿ ಡಬ್ಬಿ.

ಒಂದು ಡಬ್ಬಿ ಸ್ವಂತ ಆದಾಯದ್ದು: ಆಸ್ತಿ ತೆರಿಗೆ, ಕಟ್ಟಡ ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದಲ್ಲ, ಅದೇ ಆಸ್ತಿ ತೆರಿಗೆ. ಎಲ್ಲಿ ಬೇಕಾದರೂ ಬಳಸಬಹುದಾದ ಹಣ ಇದು. ಆದರೆ ಕಸ ವಿಲೇವಾರಿ, ಬೀದಿ ದೀಪ, ಸಿಬ್ಬಂದಿಯ ಸಂಬಳ ಎಲ್ಲ ಇದರ ಮೇಲೇ ಬೀಳುತ್ತದೆ.

ಇನ್ನೊಂದು ಡಬ್ಬಿ ಕೇಂದ್ರ ಹಣಕಾಸು ಆಯೋಗದ್ದು. 2021ರಿಂದ 2026ರವರೆಗಿನ 15ನೇ ಆಯೋಗದ ಅನುದಾನದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳಿಗೆ ಶೇ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ಹಣವಾಗಿತ್ತು. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 9.4 ಲಕ್ಷ. ಹಾಗಾಗಿ ನಾವೂ ಇದೇ ಗುಂಪಿನಲ್ಲಿದ್ದೆವು. ವಸತಿ ಜಾಗಕ್ಕೆ ನೀರಿನ ಕೊಳವೆ ಹಾಕಲು ಈ ಕಟ್ಟಿಹಾಕಿದ ಹಣ ಬಳಸಬಹುದಿತ್ತು. ಅದೇ ಜಾಗದ ರಸ್ತೆಗೆ ಬಳಸುವಂತಿರಲಿಲ್ಲ. ನೀರು ಬಂದು ರಸ್ತೆ ಬರದಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ರಾಜ್ಯ ಹಣಕಾಸು ಆಯೋಗದ ಅನುದಾನ. ಜೊತೆಗೆ ಇನ್ನೊಂದು ನಿಯಮ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ನಗರ ಸ್ಥಳೀಯ ಸಂಸ್ಥೆಗಳು ಹಣ ತೆಗೆದಿಡಬೇಕು. ಬಜೆಟ್ ಪುಸ್ತಕದಲ್ಲಿ ‘ಶೇ 24.10’ ಅಂತ ಕಂಡರೆ ಅದು ಇದೇ.

ಇನ್ನು ಕೆಲಸ ಮಾಡುವವರು ಪಾಲಿಕೆಯೊಂದೇ ಅಲ್ಲ. ಜನ ‘ಹುಡಾ’ ಅನ್ನುವ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ ಬಡಾವಣೆ ಮಾಡುತ್ತದೆ, ಮಹಾಯೋಜನೆ ಬರೆಯುತ್ತದೆ. ‘ಸ್ಲಂ ಬೋರ್ಡ್’ ಅನ್ನುವ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ, 1973ರ ಕಾಯ್ದೆಯಡಿ ಘೋಷಣೆಯಾದ ಕೊಳಗೇರಿಗಳಲ್ಲಿ ಮನೆ ಕಟ್ಟುತ್ತದೆ. ಆಶ್ರಯ ಮನೆಗಳ ಲೆಕ್ಕ ನೋಡುವುದು ರಾಜೀವ್ ಗಾಂಧಿ ವಸತಿ ನಿಗಮ. ಒಂದೇ ಜಾಗದಲ್ಲಿ ನೆಲ ಒಬ್ಬರದು, ಮನೆ ಇನ್ನೊಬ್ಬರದು, ಕೊಳವೆ ಮತ್ತೊಬ್ಬರದು ಆಗಿರಬಹುದು. ವಿಚಾರಿಸಲು ಹೋದವರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವುದು ಅದಕ್ಕೇ.

ಕೊಳಗೇರಿ ಇದ್ದಲ್ಲೇ ಹೊಸ ಮನೆ ಕಟ್ಟುವುದಾದರೆ ಖರ್ಚಿನ ಇನ್ನೊಂದು ಬಾಬು ಸೇರುತ್ತದೆ. ಹಳೆ ಮನೆ ಕೆಡವಿದ ದಿನದಿಂದ ಹೊಸ ಬೀಗದ ಕೈ ಸಿಗುವ ತನಕ ಆ ಕುಟುಂಬಗಳು ಎಲ್ಲಿರಬೇಕು? ತಾತ್ಕಾಲಿಕ ಶೆಡ್ಡು, ಅಲ್ಲಿಗೆ ನೀರು, ಶೌಚಾಲಯ, ಇಲ್ಲವೇ ಬಾಡಿಗೆ. ಇದೂ ಜಾಗ ಸಿದ್ಧ ಮಾಡುವ ಕೆಲಸವೇ.

ಬಜೆಟ್‌ನಿಂದ ಜೆಸಿಬಿ ತನಕ

‘ಹಣ ಇಟ್ಟಿದ್ದಾರೆ’ ಅನ್ನುವ ಮಾತಿಗೂ ‘ಕೆಲಸ ಶುರುವಾಗಿದೆ’ ಅನ್ನುವ ಮಾತಿಗೂ ನಡುವೆ ದೂರ ಇದೆ. ಬ್ಯಾಂಕಿನಲ್ಲಿ ಸಾಲ ಮಂಜೂರಾಗಿದೆ ಅಂದ ಮಾತ್ರಕ್ಕೆ ದುಡ್ಡು ಕೈಗೆ ಬಂದಂತಲ್ಲ, ಅಲ್ವಾ? ಹಾಗೆ.

1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಂತೆ ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿ ಬಜೆಟ್ ನೋಡುತ್ತದೆ, ಸಾಮಾನ್ಯ ಸಭೆ ಒಪ್ಪುತ್ತದೆ. ಆಗ ಅದು ಅಂದಾಜು ಮಾತ್ರ. ಆಮೇಲೆ ಎಂಜಿನಿಯರ್‌ಗಳು ಡಿಪಿಆರ್ ಬರೆಯುತ್ತಾರೆ. ಎಷ್ಟು ಗರಸು, ಎಷ್ಟು ಪೈಪು, ಯಾವ ದರ ಅಂತ ಪೂರ್ತಿ ವಿವರ ಇರುವ ವರದಿ ಅದು. ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ ಎರಡೂ ಸಿಗಬೇಕು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗೆಂದು 1999ರಲ್ಲಿ ಬಂದ ಕಾಯ್ದೆಯಂತೆ ಟೆಂಡರ್ ಕರೆಯಬೇಕು. ಗುತ್ತಿಗೆದಾರರಿಗೆ ಕಾರ್ಯಾದೇಶ ಕೊಟ್ಟ ಮೇಲೆ ಜಾಗಕ್ಕೆ ಸುಣ್ಣದ ಗೆರೆ ಬೀಳುತ್ತದೆ.

ದುಡ್ಡು ಒಮ್ಮೆಲೇ ಹೋಗುವುದಿಲ್ಲ. ಆದ ಕೆಲಸವನ್ನು ಎಂಜಿನಿಯರ್ ಟೇಪ್ ಹಿಡಿದು ಅಳೆದು ‘ಎಂಬಿ’ಯಲ್ಲಿ ಬರೆಯುತ್ತಾರೆ. ಎಂಬಿ ಅಂದರೆ ಅಳತೆ ಪುಸ್ತಕ. ಮಣ್ಣಿನ ಕೆಲಸದಲ್ಲಿ ಇದರ ಮಹತ್ವ ದೊಡ್ಡದು. ಗೋಡೆ ಕಟ್ಟಿದರೆ ಆಮೇಲೂ ಅಳೆಯಬಹುದು. ಎಷ್ಟು ಎರೆ ತೆಗೆದರು, ಎಷ್ಟು ಗರಸು ತುಂಬಿದರು ಅನ್ನುವುದನ್ನು ಕೆಲಸಕ್ಕೆ ಮೊದಲು ಮಟ್ಟ ಹಿಡಿಯದಿದ್ದರೆ ಆಮೇಲೆ ಹೇಳುವುದು ಬಹಳ ಕಷ್ಟ. ಎಲ್ಲ ನೆಲದ ಕೆಳಗೆ ಮುಚ್ಚಿಹೋಗಿರುತ್ತದೆ. ಅದಕ್ಕೇ ಕೆಲಸಕ್ಕೆ ಮೊದಲು ಮತ್ತು ಆಮೇಲೆ ಮಟ್ಟ ಅಳೆದ ದಾಖಲೆ ಇರಲೇಬೇಕು.

ಮಳೆಗಾಲದ ತೊಡಕು ಬೇರೆ. ಎರೆ ನೆಲದಲ್ಲಿ ಜೂನ್‌ನಿಂದ ಟಿಪ್ಪರ್ ಹೂತುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಹೊಸ ಬಜೆಟ್ ವರ್ಷ ಶುರು, ಟೆಂಡರ್ ಮುಗಿಯುವಷ್ಟರಲ್ಲಿ ಮಳೆ. ಹಿಂದಿನ ವರ್ಷವೇ ಡಿಪಿಆರ್ ಸಿದ್ಧ ಇಟ್ಟುಕೊಳ್ಳದಿದ್ದರೆ ಮಣ್ಣಿನ ಕೆಲಸ ನಿಜವಾಗಿ ಹಿಡಿಯುವುದು ದೀಪಾವಳಿ ಕಳೆದ ಮೇಲೆ.

ನಾವು ಏನು ಕೇಳಬಹುದು?

ನಿಮ್ಮ ವಾರ್ಡಿನ ಸುತ್ತಮುತ್ತ ಇಂಥ ಜಾಗ ಇದ್ದರೆ ಮೊದಲು ಅದರ ರಿ.ಸ. (ರೀ ಸರ್ವೆ) ನಂಬರ್ ಅಥವಾ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಕೇಳಿಕೊಳ್ಳಿ. ನಂಬರ್ ಸಿಕ್ಕರೆ ಉತಾರ ಯಾರ ಹೆಸರಿಗಿದೆ ಅಂತ ನೋಡಬಹುದು. ಆಮೇಲೆ ಕೆಲಸ ಯಾವ ಹಂತದಲ್ಲಿದೆ ಅಂತ ಕೇಳಿ: ಬಜೆಟ್‌ನಲ್ಲಿ ಮಾತ್ರ ಇದೆಯಾ, ಡಿಪಿಆರ್ ಆಗಿದೆಯಾ, ಕಾರ್ಯಾದೇಶ ಆಗಿದೆಯಾ? ಮನೆಗೆ ಬೇರೆ ಮಂಜೂರಾತಿ ಇದೆಯಾ ಅನ್ನುವುದನ್ನು ಮರೆಯಬೇಡಿ. ಹಸನಾದ ನೆಲದಲ್ಲಿ ಮನೆ ಬರುವುದು ತಡವಾದರೆ ಎರಡು ಮಳೆಗಾಲದಲ್ಲಿ ಗಟಾರ ಹೂಳುತ್ತದೆ, ಬಾಂದುಕಲ್ಲು ಮಾಯವಾಗುತ್ತದೆ. ಹೊಲ ಹಸನು ಮಾಡಿ ಬಿತ್ತದೆ ಬಿಟ್ಟರೆ ಕರಿಕೆ ಏರುವ ಹಾಗೆ.

ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಮಣ್ಣು ಪರೀಕ್ಷೆಯ ವರದಿ, ಡಿಪಿಆರ್, ಎಂಬಿಯ ಪ್ರತಿ ಹೆಸರು ಹಿಡಿದು ಕೇಳಿ. ‘ಎಲ್ಲ ಮಾಹಿತಿ ಕೊಡಿ’ ಅಂತ ಬರೆದರೆ ಉತ್ತರವೂ ಹಾಗೇ ಗೊಂದಲವಾಗಿ ಬರುತ್ತದೆ.

ಜಾಗ ಸಿದ್ಧವಾಗುವ ತನಕ ಅರ್ಜಿದಾರರು ಮಾಡಿಕೊಳ್ಳಬಹುದಾದ ಕೆಲಸವೂ ಇದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಮೂರರಲ್ಲೂ ಹೆಸರು ಒಂದೇ ತರಹ ಇರಬೇಕು. ಆದಾಯ ಪ್ರಮಾಣಪತ್ರಕ್ಕೆ ನಮ್ಮ ರಾಜ್ಯದಲ್ಲಿ 5 ವರ್ಷ ಅವಧಿ. ತಾರೀಖು ನೋಡಿಕೊಳ್ಳಿ. ಮರುದಿನ ಅಕ್ಕ ಬಂದಾಗ ಇದನ್ನೇ ಹೇಳಿದೆ. ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಚೀಲ ಬಿಚ್ಚಿ ಮಡಿಕೆ ಮಡಿಕೆಯಾದ ಕಾಗದ ತೆಗೆದರು. ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಆಧಾರಿನಲ್ಲಿ ಗಂಡನ ಹೆಸರು ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು.

“ಸೋಮವಾರ ಹೂ ಲಗೂನ ಮಾರಿ ತಹಶೀಲ್ದಾರ್ ಆಫೀಸಿಗೆ ಹೊಕ್ಕೇನ್ರಿ” ಅಂದರು.